ಅಮೆರಿಕದಲ್ಲಿ ಬ್ಯಾಂಡ್‌ಸಾ ಕೊಳ್ಳುವ ಮುಂಚೆ: ನಮ್ಮ ಕಡೆಯ ಹೊಸಬರಿಗೆ

ರಜೆಗೆ ದಾವಣಗೆರೆಗೆ ಬಂದು ಹತ್ತು ದಿನವಾಯಿತು. ಅಷ್ಟರಲ್ಲೇ ಮೂರು ಜನ ಒಂದೇ ಪ್ರಶ್ನೆ ಕೇಳಿದರು. ಇಬ್ಬರು ಈಗಷ್ಟೇ ಅಮೆರಿಕದಲ್ಲಿ ಮನೆ ತೆಗೆದುಕೊಂಡವರು. ಇನ್ನೊಬ್ಬ ಚಿತ್ರದುರ್ಗದ ಹುಡುಗ, ಮುಂದಿನ ತಿಂಗಳು ಹೊರಡುವವನು. "ಮರಗೆಲಸ ಶುರು ಮಾಡ್ಬೇಕು ಅಂಕಲ್, ಯಾವ ಬ್ಯಾಂಡ್‌ಸಾ ತಗೊಳ್ಳಲಿ?" ಮೊದಲು ಹೋಗಿ ಮನೆ ಹುಡುಕಪ್ಪಾ ಅಂದೆ ಅವನಿಗೆ. ಆದರೂ ಬೆಣ್ಣೆದೋಸೆ ಆರುವಷ್ಟರಲ್ಲಿ ಹೇಳಿ ಮುಗಿಸುವ ವಿಷಯವಲ್ಲ ಇದು, ಅದಕ್ಕೇ ಬರೆಯಲು ಕೂತೆ.

ಈ ಯಂತ್ರ ನಮಗೇನೂ ಹೊಸದಲ್ಲ. ನಮ್ಮೂರ ಸಾಮಿಲ್ಲುಗಳಲ್ಲಿ ದೊಡ್ಡ ಎರಡು ಚಕ್ರಗಳ ಮೇಲೆ ಸುತ್ತುತ್ತಾ ದಿಮ್ಮಿ ಸೀಳುತ್ತದಲ್ಲ, ಆ ಪಟ್ಟಿ ಗರಗಸವೇ ಇದು. ಮನೆಯದು ಅದರ ಮರಿ. ಅಲ್ಲಿನ ಅಂಗಡಿಗಳಲ್ಲಿ 10 ಇಂಚು, 14 ಇಂಚು, 18 ಇಂಚು ಅಂತ ಬರೆದಿರುತ್ತಾರೆ. ಅದು ಚಕ್ರದ ಅಡ್ಡಗಲ. ಬ್ಲೇಡಿಗೂ ಕಂಬಕ್ಕೂ ನಡುವೆ ಎಷ್ಟು ಅಗಲದ ಹಲಗೆ ಹಿಡಿಯುತ್ತದೆ ಅನ್ನುವುದು ಅದರಿಂದ ಹೆಚ್ಚುಕಡಿಮೆ ಗೊತ್ತಾಗುತ್ತದೆ. ಎಷ್ಟು ಎತ್ತರದ ಮರ ಹೋಗುತ್ತದೆ ಅನ್ನುವುದು ಗೊತ್ತಾಗುವುದಿಲ್ಲ. ನಾನು ಎಡವಿದ್ದು ಇಲ್ಲೇ.

ಮೊದಲು ಕೊಂಡದ್ದು 9 ಇಂಚಿನ ಪುಟ್ಟ ಯಂತ್ರ. ಮೇಜಿನ ಮೇಲೆ ಚೆಂದ ಕೂತಿತ್ತು. ಪಕ್ಕದ ಮನೆಯವರು ಬಿದ್ದ ವಾಲ್‌ನಟ್ ಮರದ ತುಂಡು ಕೊಟ್ಟರು. ಹೆಚ್ಚುಕಡಿಮೆ ನಮ್ಮ ಬೀಟೆಯ ಬಣ್ಣ, ದಪ್ಪ ಎಂಟು ಇಂಚು. ನನ್ನ ಯಂತ್ರದ ಬಾಯಿ ಮೂರೂವರೆ ಇಂಚು! ಆರು ತಿಂಗಳಲ್ಲಿ ಅರ್ಧ ಬೆಲೆಗೆ ಮಾರಿದೆ.

ಹಾಗಾಗಿ ಬ್ರ್ಯಾಂಡ್ ಹುಡುಕುವ ಮುಂಚೆ ಏನು ಕುಯ್ಯುತ್ತೀರಿ ಅಂತ ಯೋಚಿಸಿ. ಆಟದ ಸಾಮಾನು, ಸಣ್ಣ ಮಣೆ ಮಾಡುವುದಿದ್ದರೆ 10 ಇಂಚಿನದು ಸಾಕು. ದಪ್ಪ ಮರ ನಿಲ್ಲಿಸಿ ತೆಳು ಹಲಗೆಗಳಾಗಿ ಸೀಳಬೇಕು, ಗಣಪತಿ ಹಬ್ಬಕ್ಕೆ ಮಂಟಪದ ಕಮಾನು ಕತ್ತರಿಸಬೇಕು ಅಂದರೆ 14 ಇಂಚಿಗಿಂತ ಕೆಳಗೆ ಇಳಿಯಬೇಡಿ. ಹಳೆಯ ಕಾಲದ ಬೀಡುಕಬ್ಬಿಣದ 14 ಇಂಚಿನದಕ್ಕೆ ಸಾಮಾನ್ಯವಾಗಿ 6 ಇಂಚಿನ ಎತ್ತರ. ಕಂಬದ ನಡುವೆ ರೈಸರ್ ಬ್ಲಾಕ್, ಅಂದರೆ ಕಂಬವನ್ನು ಎತ್ತರಿಸುವ ತುಂಡು, ಕೂರಿಸಿದರೆ 12 ಆಗುತ್ತದೆ. ಆಗ ಬ್ಲೇಡಿನ ಉದ್ದ 93½ ಇಂಚಿನಿಂದ 105ಕ್ಕೆ ಏರುತ್ತದೆ, ಹಳೆಯ ಬ್ಲೇಡುಗಳು ಗೋಡೆಗೆ ತೂಗುಹಾಕಲಷ್ಟೇ. ಈಗಿನ ಸ್ಟೀಲ್ ಚೌಕಟ್ಟಿನ ಎಷ್ಟೋ ಯಂತ್ರಗಳು 12 ಇಂಚಿನ ಎತ್ತರದೊಂದಿಗೇ ಬರುತ್ತವೆ. ಹೊಸದು ಕೊಳ್ಳುವುದಾದರೆ ನನ್ನ ಓಟು ಅದಕ್ಕೆ.

ಇನ್ನು ಕರೆಂಟು. ಊರಿಂದ ಒಯ್ದ ಮಿಕ್ಸಿ ಅಲ್ಲಿ ಆಮೆಯ ಹಾಗೆ ತಿರುಗುವುದನ್ನು ನೋಡಿಯೇ ಇರುತ್ತೀರಿ. ಅಲ್ಲಿ ಮನೆಯ ಪ್ಲಗ್ಗಿಗೆ 120 ವೋಲ್ಟ್. 15 ಆಂಪಿಯರ್ ಲೈನಿನಲ್ಲಿ ಸಿಗುವುದು ಹೆಚ್ಚೆಂದರೆ 1800 ವ್ಯಾಟ್. ಒಂದೂವರೆ ಎಚ್‌ಪಿ ಮೋಟಾರು ಅದನ್ನೆಲ್ಲ ಕುಡಿದುಬಿಡುತ್ತದೆ. ಅದೇ ಲೈನಿನಲ್ಲಿ ಹೀಟರ್ ಇದ್ದರೆ ಬ್ರೇಕರ್ ಬಿತ್ತು ಅಂತಲೇ ಲೆಕ್ಕ. ಎರಡು ಎಚ್‌ಪಿ ದಾಟಿದರೆ ಸಾಮಾನ್ಯವಾಗಿ 240 ವೋಲ್ಟಿನ ಬೇರೆ ಲೈನು ಬೇಕು, ಎಲೆಕ್ಟ್ರಿಷಿಯನ್ ಖರ್ಚನ್ನೂ ಯಂತ್ರದ ಬೆಲೆಗೆ ಸೇರಿಸಿ. ಮುಂದೆ ಊರಿಗೆ ತರುತ್ತೇನೆ ಅನ್ನುವ ಆಸೆ ಬಿಡಿ. ಅಲ್ಲಿ 60 ಹರ್ಟ್ಜ್, ಇಲ್ಲಿ 50. ವೋಲ್ಟೇಜ್ ಹೊಂದಿಸಿದರೂ ಮೋಟಾರಿನ ವೇಗ ಆರರಲ್ಲೊಂದು ಪಾಲು ಇಳಿಯುತ್ತದೆ.

ಬೇಸ್‌ಮೆಂಟಿಗೆ ಇಳಿಯುವ ಮೆಟ್ಟಿಲನ್ನು ಯಾರೂ ನೆನೆಸಿಕೊಳ್ಳುವುದಿಲ್ಲ. 14 ಇಂಚಿನ ಯಂತ್ರ ಸುಮಾರು 100 ಕೆಜಿ, ಅದೂ ತಲೆ ಭಾರ. ಮಂಡಕ್ಕಿ-ಮಿರ್ಚಿ ಆಸೆ ತೋರಿಸಿ ಮೂವರು ಗೆಳೆಯರನ್ನು ಕರೆದಿದ್ದೆ. ಅರ್ಧ ಮೆಟ್ಟಿಲಲ್ಲಿ ಸಿಕ್ಕಿಕೊಂಡು ಅಲ್ಲೇ ನಿಂತು ಟೇಬಲ್ಲು, ಮೋಟಾರು ಬಿಚ್ಚಿದೆವು. ಮೊದಲೇ ಬಿಚ್ಚಿ.

ಹಳೆಯದು ಕೊಂಡರೆ ತಪ್ಪೇನಿಲ್ಲ. ನನ್ನ ಈಗಿನದು ಹಳೆಯದೇ. ನೋಡಲು ಹೋದಾಗ ಪ್ಲಗ್ ತೆಗೆಸಿ, ಚಕ್ರ ಮುಚ್ಚಿರುವ ಎರಡೂ ಬಾಗಿಲು ತೆರೆಸಿ, ಚಕ್ರವನ್ನು ಕೈಯಿಂದ ತಿರುಗಿಸಿ. ಅತ್ತಿತ್ತ ಓಲಾಡುತ್ತಿದ್ದರೆ ಬೇಡ. ಟೇಬಲ್ಲಿನ ತುಕ್ಕು ಉಜ್ಜಿದರೆ ಹೋಗುತ್ತದೆ. ಚಕ್ರದ ಮೇಲಿನ ರಬ್ಬರ್ ಪಟ್ಟಿ ಬಿರಿದಿದ್ದರೆ ಬದಲಾಯಿಸಬಹುದು, ಅದನ್ನು ತೋರಿಸಿ ಚೌಕಾಸಿ ಮಾಡಿ. ಚೌಕಟ್ಟಿನಲ್ಲಿ ಬಿರುಕು ಕಂಡರೆ ಮಾತ್ರ ನಮಸ್ಕಾರ ಹೇಳಿ ಬನ್ನಿ.

ದುಡ್ಡು ಉಳಿಸಿಕೊಳ್ಳಬೇಕಾದದ್ದು ಬ್ಲೇಡಿಗೆ. ಜೊತೆಗೆ ಬಂದ ಬ್ಲೇಡು ಬಹಳ ಸಲ ಸುಮ್ನೆ ಲೆಕ್ಕಕ್ಕೆ. ಸೀಳಲು ಅರ್ಧ ಇಂಚು ಅಗಲದ, ಇಂಚಿಗೆ ಮೂರು ಹಲ್ಲಿನ ಬ್ಲೇಡು. ಕಮಾನಿಗೆ ಕಾಲು ಇಂಚಿನದು, ಅದು ಮುಕ್ಕಾಲು ಇಂಚು ತ್ರಿಜ್ಯದ ತಿರುವನ್ನೂ ತಿರುಗುತ್ತದೆ. ಅರ್ಧ ಇಂಚಿನ ಬ್ಲೇಡಿಗೆ ಎರಡೂವರೆ ಇಂಚು ತ್ರಿಜ್ಯವಾದರೂ ಬೇಕು, ಬಲವಂತ ಮಾಡಿದರೆ ಮರ ಸುಟ್ಟ ವಾಸನೆ ಬರುತ್ತದೆ.

ಬ್ಲೇಡ್ ಏರಿಸುವಾಗ ಆತುರ ಬೇಡ. ಬ್ಲೇಡ್ ಅತ್ತಿತ್ತ ಸರಿಯದಂತೆ ಪಕ್ಕದಲ್ಲೂ ಹಿಂದೆಯೂ ತಡೆಯುವ ತುಂಡುಗಳಿಗೆ ಗೈಡು ಅನ್ನುತ್ತಾರೆ, ಮೊದಲು ಅವನ್ನೆಲ್ಲ ಹಿಂದೆ ಸರಿಸಿ. ಬ್ಲೇಡ್ ಬಿಗಿ ಮಾಡಿ, ಮೇಲಿನ ಚಕ್ರವನ್ನು ಕೈಯಲ್ಲೇ ತಿರುಗಿಸುತ್ತಾ ಹಿಂದಿನ ತಿರುಪಣಿಯಿಂದ ಬ್ಲೇಡನ್ನು ನಡುವೆ ಓಡುವಂತೆ ತನ್ನಿ. ಆಮೇಲೆ ಗೈಡುಗಳನ್ನು ಹತ್ತಿರ ತನ್ನಿ. ಬ್ಲೇಡಿಗೂ ಪಕ್ಕದ ಗೈಡಿಗೂ ನಡುವೆ ಒಂದು ಡಾಲರ್ ನೋಟು ತೂರಿಸಿ, ಅಷ್ಟೇ ಸಂದು ಬಿಡಿ. ಮಿಷನ್ನೇ ಸರಿಯಿಲ್ಲ ಅಂತ ಬೈಯುವವರಲ್ಲಿ ಜಾಸ್ತಿ ಜನ ಈ ಹತ್ತು ನಿಮಿಷ ಕೊಟ್ಟಿರುವುದಿಲ್ಲ.

ಮೇಜಿನಿಂದ ದುಂಡು ಬ್ಲೇಡು ಮೇಲೆ ಚಾಚಿರುವ ಟೇಬಲ್‌ಸಾ ಹಾಗೆ ಇದು ಮರವನ್ನು ಎದೆಗೆ ಎಸೆಯುವುದಿಲ್ಲ, ಟೇಬಲ್ಲಿಗೆ ಒತ್ತಿ ಹಿಡಿಯುತ್ತದೆ. ಹಾಗಂತ ಸಾಧು ಅಲ್ಲ. ಮಾಂಸದಂಗಡಿಯಲ್ಲಿ ಮೂಳೆ ಕತ್ತರಿಸುವುದೂ ಬ್ಯಾಂಡ್‌ಸಾನೇ. ದುಂಡನೆಯ ದಿಮ್ಮಿಯನ್ನು ಹಲಗೆಗೆ ತಿರುಪಣಿಯಿಂದ ಬಿಗಿಯದೆ ತಳ್ಳಿದರೆ ಗಿರ್ರನೆ ಉರುಳಿ ಕೈಯನ್ನೂ ಎಳೆಯುತ್ತದೆ. ಕೈಗವಸು ಬೇಡ, ಲುಂಗಿಯಂತೂ ಬೇಡವೇ ಬೇಡ. ಮೂಗಿಗೆ ಮಾಸ್ಕ್ ಇರಲಿ, ಚಳಿಗಾಲದಲ್ಲಿ ಬಾಗಿಲು ಮುಚ್ಚಿದ ಬೇಸ್‌ಮೆಂಟಿನಲ್ಲಿ ಸಣ್ಣ ಹುಡಿ ಗಂಟೆಗಟ್ಟಲೆ ತೇಲುತ್ತದೆ.

ಬಹಳ ದಿನ ಮನೆ ಬಿಡುವಾಗ ಬ್ಲೇಡಿನ ಬಿಗಿ ಸಡಿಲಿಸಿ, ಇಲ್ಲದಿದ್ದರೆ ರಬ್ಬರ್ ಪಟ್ಟಿ ಒಂದೇ ಕಡೆ ತಗ್ಗು ಬೀಳುತ್ತದೆ. ನಾನು ಹೊರಡುವ ಹಿಂದಿನ ರಾತ್ರಿ ಸಡಿಲಿಸಿ, ವಾಪಸು ಹೋದವನೇ ಮರೆತು ಸ್ವಿಚ್ ಹಾಕಬಾರದು ಅಂತ ಅದರ ಮೇಲೆ "ಬಿಗಿ ಮಾಡು" ಅಂತ ಚೀಟಿ ಅಂಟಿಸಿ ಬಂದಿದ್ದೇನೆ.