ಟಕ್ ಟಕ್ ಸದ್ದಿಗೆ ಶಾಕ್ ಅಬ್ಸಾರ್ಬರ್ ಬದಲಿಸುವ ಮುಂಚೆ ಲಿಂಕ್ ರಾಡ್ ನೋಡಿ

ಕಿತ್ತುಹೋದ ಟಾರು ರಸ್ತೆಯಲ್ಲಿ ಕಾರು ನಿಧಾನಕ್ಕೆ ಹೋಗುವಾಗ ಮುಂದಿನ ಚಕ್ರದ ಹತ್ತಿರ ಟಕ್ ಟಕ್. ಹೈವೇಗೆ ಬಂದರೆ ಸದ್ದೇ ಇಲ್ಲ. ಗ್ಯಾರೇಜಿಗೆ ಒಯ್ದರೆ ಬಾನೆಟ್ ಮೇಲೆ ಕೈಯಿಟ್ಟು ಎರಡು ಸಲ ಒತ್ತಿ ನೋಡುತ್ತಾರೆ. ‘ಸಾರ್, ಶಾಕ್ ಅಬ್ಸಾರ್ಬರ್ ಹೋಗಿದೆ, ಎರಡೂ ಕಡೆ ಹಾಕಿಸಿಬಿಡಿ’ ಅನ್ನುತ್ತಾರೆ. ಸಾವಿರಾರು ರೂಪಾಯಿ ಎಣಿಸಿ ಕೊಟ್ಟು, ಗೇಟು ದಾಟಿ ಮೊದಲ ಗುಂಡಿಗೆ ಇಳಿದರೆ ಮತ್ತೆ ಅದೇ ಟಕ್ ಟಕ್. ಹೀಗೆ ದುಡ್ಡು ಕಳೆದುಕೊಂಡವರು ನನ್ನ ಪರಿಚಯದವರಲ್ಲೇ ಬೇಕಾದಷ್ಟು ಮಂದಿ ಇದ್ದಾರೆ.

ಬಹಳ ಸಲ ಸದ್ದು ಮಾಡುತ್ತಿರುವುದು ಗೇಣುದ್ದದ ಒಂದು ಕಂಬಿ. ಅದೇ ಸ್ಟೆಬಿಲೈಸರ್ ಲಿಂಕ್, ಗ್ಯಾರೇಜಿನವರ ಬಾಯಲ್ಲಿ ಲಿಂಕ್ ರಾಡ್. ಎರಡೂ ತುದಿಗೆ ಒಂದೊಂದು ಪುಟ್ಟ ಬಾಲ್ ಜಾಯಿಂಟ್, ಅಂದರೆ ಗುಂಡಿಯೊಳಗೆ ತಿರುಗುವ ಗುಂಡುತಲೆಯ ಪಿನ್ನು, ಅದನ್ನು ಮುಚ್ಚುವ ರಬ್ಬರ್ ಬೂಟು. ಹೆಚ್ಚಿನ ಕಾರುಗಳಲ್ಲಿ ಇದರ ಮೇಲಿನ ತುದಿ ಸ್ಟ್ರಟ್‌ಗೆ (ಸ್ಪ್ರಿಂಗ್ ಸಮೇತದ ಶಾಕ್ ಅಬ್ಸಾರ್ಬರ್), ಕೆಳಗಿನ ತುದಿ ಸ್ಟೆಬಿಲೈಸರ್ ಬಾರ್‌ಗೆ ಸೇರಿರುತ್ತದೆ. ಬಾರ್ ಎಡಗಡೆಯಿಂದ ಬಲಗಡೆಯವರೆಗೆ ಅಡ್ಡಡ್ಡ ಹೋಗಿರುತ್ತದೆ. ಚಾರ್ಮಾಡಿಯಂಥ ಘಾಟಿಯ ತಿರುವಿನಲ್ಲಿ ಕಾರು ಒಂದು ಕಡೆ ವಾಲಿದಾಗ ಈ ಬಾರ್ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ, ವಾಲುವುದನ್ನು ತಡೆಯುತ್ತದೆ.

ಎರಡೂ ಚಕ್ರ ಒಟ್ಟಿಗೆ ಎದ್ದು ಒಟ್ಟಿಗೆ ಇಳಿದರೆ ಬಾರ್‌ಗೂ ಲಿಂಕ್‌ಗೂ ಕೆಲಸವೇ ಇಲ್ಲ. ಒಂದು ಮೇಲೆ, ಇನ್ನೊಂದು ಕೆಳಗೆ ಆದಾಗ ಮಾತ್ರ ಅವಕ್ಕೆ ಕೆಲಸ. ಇದನ್ನು ತಲೆಯಲ್ಲಿಟ್ಟುಕೊಳ್ಳಿ. ಪರೀಕ್ಷೆ ಮಾಡುವಾಗ, ಬಿಚ್ಚುವಾಗ, ಜೋಡಿಸುವಾಗ ಜನ ಮಾಡುವ ತಪ್ಪೆಲ್ಲ ಇದನ್ನು ಮರೆತದ್ದರಿಂದಲೇ ಆಗುವುದು. ಬಾನೆಟ್ ಒತ್ತುವ ಪರೀಕ್ಷೆಯನ್ನೇ ನೋಡಿ. ಒತ್ತಿದಾಗ ಎರಡೂ ಕಡೆ ಒಟ್ಟಿಗೆ ಇಳಿಯುತ್ತದೆ. ಲಿಂಕ್ ಎಷ್ಟೇ ಸವೆದಿದ್ದರೂ ಉಸಿರೆತ್ತುವುದಿಲ್ಲ.

1. ಡಿಕ್ಕಿ ಖಾಲಿ ಮಾಡಿ, ಆಮೇಲೆ ಸದ್ದು ಕೇಳಿ

ನಗಬೇಡಿ. ಜಾಕಿನ ಹ್ಯಾಂಡಲ್ಲು, ಸಡಿಲವಾಗಿ ಕೂತ ಸ್ಟೆಪ್ನಿ, ಸೀಟಿನಡಿ ಉರುಳಾಡುವ ನೀರಿನ ಬಾಟ್ಲಿ ಇವೂ ಟಕ್ ಟಕ್ ಅನ್ನುತ್ತವೆ. ಎಲ್ಲ ತೆಗೆದಿಟ್ಟು, ಕಿಟಕಿ ಇಳಿಸಿ, ಕಾಂಪೌಂಡ್ ಗೋಡೆ ಇರುವ ಬೀದಿಯಲ್ಲಿ ನಿಧಾನವಾಗಿ ಹೋಗಿ. ಗೋಡೆಗೆ ಬಡಿದು ವಾಪಸು ಬರುವ ಸದ್ದಿನಿಂದ ಯಾವ ಕಡೆಯದು ಅಂತ ಸುಮಾರಾಗಿ ಗೊತ್ತಾಗುತ್ತದೆ.

ಹಂಪನ್ನು ನೇರವಾಗಿ, ಎರಡೂ ಚಕ್ರ ಒಟ್ಟಿಗೆ ಹತ್ತುವ ಹಾಗೆ ದಾಟಿ. ಆಮೇಲೆ ಅದೇ ಹಂಪನ್ನು ಓರೆಯಾಗಿ, ಒಂದೊಂದೇ ಚಕ್ರ ಹತ್ತುವ ಹಾಗೆ ದಾಟಿ. ನೇರಕ್ಕೆ ಸುಮ್ಮನಿದ್ದು ಓರೆಗೆ ಟಕ್ ಅಂದರೆ ಅನುಮಾನ ಲಿಂಕ್ ಮೇಲೆ. ಎರಡಕ್ಕೂ ಗುಡ್ ಅಂತ ದಪ್ಪ ಸದ್ದು ಬಂದರೆ ಸ್ಟ್ರಟ್ ಅಥವಾ ಅದರ ಮೇಲಿನ ಮೌಂಟಿಂಗ್ ನೋಡಿಸಿ. ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡು ಹೋದಾಗ ಸದ್ದು ನಿಂತರೆ ಅದು ಬ್ರೇಕ್ ಪ್ಯಾಡ್ ಅಲ್ಲಾಡುವ ಸದ್ದಿರಬಹುದು. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಕಟಕ್ ಅಂದರೆ ಮೌಂಟಿಂಗ್ ಬೇರಿಂಗ್ ಇರಬಹುದು.

2. ಚಕ್ರ ನೆಲದ ಮೇಲೆ ಇದ್ದಾಗಲೇ ಕೈಹಾಕಿ ನೋಡಿ

ಅನುಮಾನ ಬಂದ ಕಡೆ ಜಾಕ್ ಹಾಕಿ, ಚಕ್ರ ಎತ್ತಿ, ಲಿಂಕ್ ಹಿಡಿದು ಅಲ್ಲಾಡಿಸಿ, ‘ಗಟ್ಟಿಯಾಗೇ ಇದೆಯಲ್ಲ’ ಅನ್ನುವವರೇ ಜಾಸ್ತಿ. ಒಂದೇ ಚಕ್ರ ಗಾಳಿಯಲ್ಲಿ ನೇತಾಡುವಾಗ ಬಾರ್ ತಿರುಚಿಕೊಂಡು ಎರಡೂ ಲಿಂಕನ್ನು ಬಿಗಿಯಾಗಿ ಎಳೆದು ಹಿಡಿದಿರುತ್ತದೆ. ಎಂಥ ಸತ್ತ ಲಿಂಕ್ ಆದರೂ ಆಗ ಹೊಸದರ ಹಾಗೆ ಗಟ್ಟಿ ನಿಲ್ಲುತ್ತದೆ.

ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಸ್ಟೀರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ. ಎಂಜಿನ್ ಆಫ್, ಹ್ಯಾಂಡ್ ಬ್ರೇಕ್ ಮೇಲೆ, ಕಾರು ಗೇರಿನಲ್ಲಿ. ಚಕ್ರದ ಹಿಂದಿನ ಸಂದಿಯಲ್ಲಿ ಕೈ ತೂರಿಸಿ ಲಿಂಕಿನ ಮೇಲಿನ ಜಾಯಿಂಟ್ ಮೇಲೆ ಎರಡು ಬೆರಳು ಸುಮ್ನೆ ಇಟ್ಟುಕೊಳ್ಳಿ. ಇನ್ನೊಬ್ಬರು ಕಾರಿನ ಪಕ್ಕ ನಿಂತು ಚಾವಣಿ ಹಿಡಿದು ಕಾರನ್ನು ಎಡಕ್ಕೆ ಬಲಕ್ಕೆ ತೂಗಲಿ. ಕೆಳಕ್ಕೆ ಒತ್ತುವುದಲ್ಲ, ಅಡ್ಡಕ್ಕೆ ತೂಗುವುದು. ಜಾಯಿಂಟ್ ಸವೆದಿದ್ದರೆ ಸದ್ದು ಕಿವಿಗೆ ಬೀಳುವ ಮುಂಚೆ ಬೆರಳಿಗೇ ಟಿಕ್ ಅಂತ ತಾಕುತ್ತದೆ. ಕೆಳಗಿನ ಜಾಯಿಂಟನ್ನೂ ಹಾಗೇ ನೋಡಿ, ಆಮೇಲೆ ಇನ್ನೊಂದು ಕಡೆಯದು. ರಬ್ಬರ್ ಬೂಟು ಹರಿದು ಒಳಗೆ ಕೆಸರು ಮೆತ್ತಿದ್ದರೆ ತೂಗಿ ನೋಡುವುದೂ ಬೇಡ, ಬದಲಾಯಿಸಿ.

ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋಯರ್ ಆರ್ಮಿನ ಬಾಲ್ ಜಾಯಿಂಟ್ ಬೇರೆ ವಿಷಯ. ಅದು ಕಳಚಿದರೆ ಚಕ್ರವೇ ಮಡಚಿಕೊಳ್ಳುತ್ತದೆ. ಅದರಲ್ಲಿ ಪ್ಲೇ, ಅಂದರೆ ಸಡಿಲ, ಕಂಡರೆ ಲಿಂಕಿನ ಕತೆ ಬಿಟ್ಟು ನೇರ ಗ್ಯಾರೇಜಿಗೆ ಹೋಗಿ.

ಅಂದ ಹಾಗೆ, ಹಳೆಯ ಮಾರುತಿ 800 ಇಟ್ಟುಕೊಂಡವರು ಲಿಂಕ್ ಹುಡುಕಬೇಡಿ. ಅದರಲ್ಲಿ ಬಾರೇ ನೇರವಾಗಿ ಲೋಯರ್ ಆರ್ಮಿಗೆ ಸೇರಿರುತ್ತದೆ, ಅಲ್ಲಿ ಸವೆಯುವುದು ರಬ್ಬರ್ ಬುಷ್ಷು. ಕೆಲವು ಅಗ್ಗದ ಕಾರುಗಳಲ್ಲಿ ಬಾರೇ ಇರುವುದಿಲ್ಲ.

3. ಜೋಡಿಯಾಗಿ ಕೊಳ್ಳಿ

ಒಂದು ಕಡೆ ಹೋಗಿದ್ದರೂ ಎರಡೂ ಕಡೆ ಹಾಕಿ. ಎರಡೂ ಅಷ್ಟೇ ಗುಂಡಿ ಇಳಿದಿರುತ್ತವೆ. ಕಂಪನಿಯ ಅಸಲಿ ಪಾರ್ಟ್ ಸಿಕ್ಕಿದರೆ ಅದನ್ನೇ ತಗೊಳ್ಳಿ ಅನ್ನುವುದು ನನ್ನ ಖಡಕ್ ಮಾತು. ಅಂಗಡಿಯಲ್ಲಿ ಕೊಳ್ಳುವಾಗ ಒಂದು ಪರೀಕ್ಷೆ ಮಾಡಿ. ಜಾಯಿಂಟಿನ ಪಿನ್ನನ್ನು ಬೆರಳಿನಿಂದ ಅಲ್ಲಾಡಿಸಿ. ಒಳ್ಳೆಯದಾದರೆ ಬಿಗಿಯಾಗಿರುತ್ತದೆ, ಒಂದೇ ಸಮ ತಿರುಗುತ್ತದೆ. ಪೊಟ್ಟಣದಲ್ಲಿರುವಾಗಲೇ ಲೊಡ ಲೊಡ ಅನ್ನುವ ಸರಕನ್ನು ಕೌಂಟರಿನ ಮೇಲೇ ಬಿಟ್ಟು ಬನ್ನಿ. ಬಣ್ಣ ಬಳಿದು ಹೊಸ ಡಬ್ಬಿಗೆ ತುಂಬಿದ ಹಳೆಯ ಲಿಂಕ್ ಕೂಡ ನೋಡಿದ್ದೇನೆ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದೆ. ಅಲ್ಲಿಗೆ ಹೋಗುವವರು ಕಾರಿನ ಮಾಡೆಲ್, ತಯಾರಾದ ವರ್ಷ, ಆರ್‌ಸಿಯಲ್ಲಿರುವ ಚಾಸಿ ನಂಬರ್ ಜೊತೆಗಿಟ್ಟುಕೊಂಡು ಹೋಗಿ. ಕೆಲವು ಕಾರುಗಳಲ್ಲಿ ಎಡದ್ದು ಬಲದ್ದು ಬೇರೆ ಬೇರೆ ಇರುತ್ತದೆ. ಹೊಸ ನಟ್ಟು ಜೊತೆಗೇ ಬಂದಿದೆಯೇ ನೋಡಿಕೊಳ್ಳಿ.

ಲಿಂಕ್ ಬದಲಾಯಿಸದೆ ಬೂಟಿಗೆ ಸಿರಿಂಜ್ ಚುಚ್ಚಿ ಗ್ರೀಸು ತುಂಬುವ ಒಂದು ಅಡ್ಡದಾರಿ ಇದೆ. ಕೆಲವು ದಿನ ಸದ್ದು ಅಡಗುತ್ತದೆ, ನಿಜ. ಚುಚ್ಚಿದ ತೂತಿನಿಂದ ನೀರು ಮಣ್ಣು ಹೋಗಿ, ಉಳಿದಿದ್ದ ಜಾಯಿಂಟೂ ಸವೆಯುತ್ತದೆ. ಕಾರು ಮಾರುವವರು ಮಾಡುವ ಕೆಲಸ ಅದು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬೂಟಿನ ಮೇಲೆ ಸೂಜಿ ತೂತು ಇದೆಯಾ ಅಂತ ನೋಡಿ.

4. ಎರಡೂ ಮುಂದಿನ ಚಕ್ರ ಎತ್ತಿ

ಚಕ್ರದ ನಟ್ಟುಗಳನ್ನು ನೆಲದ ಮೇಲಿದ್ದಾಗಲೇ ಸ್ವಲ್ಪ ಸಡಿಲಿಸಿ. ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಮುಂದಿನ ಎರಡೂ ಕಡೆ ಸಮವಾಗಿ ಎತ್ತಿ, ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ, ಚಕ್ರ ಬಿಚ್ಚಿ. ಬರೀ ಜಾಕ್ ನಂಬಬೇಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಅಂತೂ ಬೇಡವೇ ಬೇಡ, ಭಾರ ಬಿದ್ದರೆ ಯಾವ ಸೂಚನೆಯೂ ಕೊಡದೆ ಪುಡಿಯಾಗುತ್ತವೆ. ಸ್ಟ್ಯಾಂಡ್ ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ. ಬಿಚ್ಚಿದ ಚಕ್ರವನ್ನು ಕಾರಿನಡಿ ಮಲಗಿಸಿಡಿ, ಅದೊಂದು ಹೆಚ್ಚುವರಿ ಧೈರ್ಯ.

ಒಂದೇ ಕಡೆ ಎತ್ತಿ ಮಾಡಿದರೆ ಏನಾಗುತ್ತದೆ? ತಿರುಚಿಕೊಂಡ ಬಾರ್ ನಟ್ಟು ಕಳಚಿದ ಕ್ಷಣ ಚಿಮ್ಮುತ್ತದೆ. ಬೆರಳು ಅಲ್ಲಿದ್ದರೆ ಜಜ್ಜುತ್ತದೆ. ಚಿಮ್ಮದಿದ್ದರೂ ಹೊಸ ಲಿಂಕ್ ಹಾಕುವಾಗ ತೂತು ಕೂಡುವುದಿಲ್ಲ, ಕಬ್ಬಿಣದ ಸರಳು ಹಾಕಿ ಮೀಟುತ್ತಾ ಕೂರಬೇಕು.

5. ನಟ್ಟು ಬಿಚ್ಚುವುದು

ಈ ಕೆಲಸದಲ್ಲಿ ಬೆವರಿಳಿಸುವುದು ಇದೊಂದೇ. ಬಾಲ್ ಜಾಯಿಂಟಿನ ಪಿನ್ನು ತನ್ನ ಗುಂಡಿಯಲ್ಲಿ ಸ್ವತಂತ್ರವಾಗಿ ತಿರುಗುತ್ತದೆ. ನಟ್ಟು ತಿರುಗಿಸಿದರೆ ಪಿನ್ನೂ ಜೊತೆಗೆ ತಿರುಗುತ್ತದೆ. ಅದನ್ನು ಹಿಡಿದುಕೊಳ್ಳಲೆಂದೇ ಪಿನ್ನಿನ ತುದಿಯಲ್ಲಿ ಆರು ಮೂಲೆಯ ಅಲನ್ ತೂತು ಕೊಟ್ಟಿರುತ್ತಾರೆ, ಸಾಮಾನ್ಯವಾಗಿ 5 ಅಥವಾ 6 ಎಂಎಂ. ಕೆಲವು ಕಾರುಗಳಲ್ಲಿ ನಕ್ಷತ್ರದ ಆಕಾರದ ತೂತು. ಇನ್ನು ಕೆಲವದರಲ್ಲಿ ಬೂಟಿನ ಪಕ್ಕದಲ್ಲಿ ತೆಳು ಸ್ಪ್ಯಾನರ್ ಹಿಡಿಯುವ ಚಪ್ಪಟೆ ಜಾಗ ಇರುತ್ತದೆ. ಈ ತೂತಿನ ಮೂಲೆ ಸವೆಸಿಬಿಟ್ಟರೆ ಅರ್ಧ ಗಂಟೆಯ ಕೆಲಸ ಸಂಜೆಯವರೆಗೆ ಹೋಗುತ್ತದೆ.

ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಬೆಳಿಗ್ಗೆ ವೈರ್ ಬ್ರಷ್ ತಗೊಂಡು ನಟ್ಟಿನಿಂದ ಆಚೆ ಕಾಣುವ ಥ್ರೆಡ್ಡನ್ನು ಹೊಳೆಯುವವರೆಗೆ ಉಜ್ಜಿ. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ನಟ್ಟು ಮೊದಲ ಒಂದೆರಡು ಸುತ್ತು ಸಲೀಸಾಗಿ ಬರುತ್ತದೆ, ಆಮೇಲೆ ಹೊರಗಿನ ತುಕ್ಕು ಥ್ರೆಡ್ ಸಿಕ್ಕಿದ ಕೂಡಲೇ ಕಚ್ಚಿಕೊಳ್ಳುತ್ತದೆ. ಪಿನ್ನು ಗಿರಗಿರ ತಿರುಗಲು ಶುರುವಾಗುವುದು ಅಲ್ಲೇ.

ಅಲನ್ ತೂತಿನಲ್ಲಿ ವರ್ಷಗಟ್ಟಲೆ ಮಣ್ಣು ತುಂಬಿ ಕಲ್ಲಾಗಿರುತ್ತದೆ. ಸಣ್ಣ ಮೊಳೆಯಿಂದ ತಳ ಕಾಣುವವರೆಗೆ ಕೆದಕಿ. ಕೀಯನ್ನು ಇಟ್ಟು ಸುತ್ತಿಗೆಯಿಂದ ಎರಡು ಪೆಟ್ಟು ಹಾಕಿ ಪೂರ್ತಿ ಒಳಕ್ಕೆ ಕೂರಿಸಿ. ತುದಿಯಲ್ಲಿ ಮಾತ್ರ ಕೂತ ಕೀ ಮೂಲೆ ಹಾಳುಮಾಡುತ್ತದೆ. ಕೀ ಒಳ್ಳೆಯದಿರಲಿ. ಫುಟ್‌ಪಾತಿನಲ್ಲಿ ಗೊಂಚಲು ಲೆಕ್ಕದಲ್ಲಿ ಮಾರುವ ಅಲನ್ ಕೀ ಮೇಣದ ಹಾಗೆ ತಿರುಚಿಕೊಳ್ಳುತ್ತದೆ.

ನಟ್ಟಿಗೆ ರಿಂಗ್ ಸ್ಪ್ಯಾನರ್ ಹಾಕಿ, ಬಾಯಿ ತೆರೆದ ಸ್ಪ್ಯಾನರ್ ಬೇಡ. ಅಳತೆ ಕಾರಿನ ಮೇಲೆ ಹೋಗುತ್ತದೆ, 14ರಿಂದ 18 ಎಂಎಂವರೆಗೆ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಅಲನ್ ಕೀ ಅಲುಗಾಡದಂತೆ ಹಿಡಿದು, ನಟ್ಟನ್ನು ಮಾತ್ರ ತಿರುಗಿಸಿ. ಕೀಯನ್ನೇ ತಿರುಗಿಸಲು ಹೋದರೆ ತೂತು ಸವೆಯುವುದು ಖಂಡಿತ. ಕಾಲು ಸುತ್ತು ಬಿಚ್ಚಿ, ಸ್ವಲ್ಪ ವಾಪಸು ಬಿಗಿ ಮಾಡಿ, ಸ್ಪ್ರೇ ಹೊಡೆದು ಮತ್ತೆ ಬಿಚ್ಚಿ. ಆತುರ ಬಿದ್ದವರಿಗೆ ಇದು ಬೇಜಾರಿನ ಕೆಲಸ. ಆದರೆ ತುಕ್ಕಿನ ಪುಡಿ ಉದುರಿ ಹೊರಗೆ ಬರುವುದು ಹೀಗೇ.

ಅಷ್ಟಾಗಿಯೂ ಮೂಲೆ ಸವೆದುಹೋಯಿತೇ? ಲಿಂಕ್ ಹೇಗೂ ಗುಜರಿಗೆ ಹೋಗುವುದು, ದಯೆ ಬೇಡ. ಬೂಟನ್ನು ಬ್ಲೇಡಿನಿಂದ ಕೊಯ್ದು ತೆಗೆಯಿರಿ. ಒಳಗೆ ಕಾಣುವ ಪಿನ್ನಿನ ಕುತ್ತಿಗೆಯನ್ನು ವೈಸ್ ಗ್ರಿಪ್‌ನಿಂದ (ಕಚ್ಚಿ ಲಾಕ್ ಆಗುವ ಇಕ್ಕಳ) ಬಿಗಿಯಾಗಿ ಕಚ್ಚಿಸಿ, ನಟ್ಟು ತಿರುಗಿಸಿ. ಅದೂ ಜಾರಿದರೆ ಅದೇ ಸಂದಿಯಲ್ಲಿ ಹ್ಯಾಕ್ಸಾ ಬ್ಲೇಡ್ ತೂರಿಸಿ ಪಿನ್ನನ್ನು ಕೊಯ್ಯಿರಿ. ತಾಳ್ಮೆ ಬೇಕು, ಆದರೆ ಬೇರೇನೂ ಹಾಳಾಗುವುದಿಲ್ಲ.

ಗ್ರೈಂಡರ್ ಇದ್ದವರ ಕೈ ಸುಮ್ಮನಿರುವುದಿಲ್ಲ, ಗೊತ್ತು. ಬಳಸುವುದಾದರೆ ಕಣ್ಣಿಗೆ ಕನ್ನಡಕ ಹಾಕಿ. ಕಿಡಿ ಹಾರುವ ದಿಕ್ಕಿನಲ್ಲಿ ಬ್ರೇಕ್ ಹೋಸು, ಎಬಿಎಸ್ ವೈರು, ಡ್ರೈವ್ ಶಾಫ್ಟ್ ಬೂಟು ಮೂರೂ ಇರುತ್ತವೆ. ಒದ್ದೆ ಗೋಣಿಚೀಲದಿಂದ ಮುಚ್ಚಿ, ಬಕೆಟ್ ನೀರು ಪಕ್ಕದಲ್ಲಿಡಿ. ನಟ್ಟಿನ ಪಕ್ಕದ ಸ್ಟ್ರಟ್ಟಿನ ಬ್ರಾಕೆಟ್‌ಗೆ ಗ್ರೈಂಡರ್ ತಾಕಬಾರದು. ಗ್ಯಾಸ್ ಟಾರ್ಚ್ ಹಚ್ಚಿ ಕಾಯಿಸುವ ಐಡಿಯಾ ಮಾತ್ರ ಬಿಟ್ಟುಬಿಡಿ. ಪಕ್ಕದಲ್ಲೇ ಎಣ್ಣೆ, ಗ್ಯಾಸು ತುಂಬಿದ ಸ್ಟ್ರಟ್ ಇದೆ.

6. ಹೊಸದು ಕೂರಿಸಿ

ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಉದ್ದ ಹಾಗೂ ಪಿನ್ನಿನ ದಿಕ್ಕು ತಾಳೆ ನೋಡಿ. ಹಳೆಯದರ ಪಿನ್ನು ತನ್ನ ಭಾರಕ್ಕೇ ಜೋತುಬಿದ್ದರೆ ನಿಮ್ಮ ಪತ್ತೆದಾರಿಕೆ ಸರಿಯಾಗಿತ್ತು ಅಂತ ಅರ್ಥ. ತೂತು ಕೂಡದಿದ್ದರೆ ಲೋಯರ್ ಆರ್ಮಿನಡಿ ಜಾಕ್ ಕೊಟ್ಟು ಮೆಲ್ಲಗೆ ಎತ್ತಿ, ತಾನಾಗಿ ಕೂಡುತ್ತದೆ. ಎರಡೂ ನಟ್ಟನ್ನು ಕೈಯಲ್ಲೇ ಹತ್ತಿಸಿ. ಹಳೆಯ ನೈಲಾಕ್ ನಟ್ಟು ಮತ್ತೆ ಹಾಕಬೇಡಿ, ಅದರೊಳಗಿನ ನೈಲಾನ್ ಉಂಗುರದ ಹಿಡಿತ ಹೋಗಿರುತ್ತದೆ.

ಮೊದಲು ಅಲನ್ ಕೀ ಹಿಡಿದು ರಿಂಗ್ ಸ್ಪ್ಯಾನರಿನಿಂದ ಬಿಗಿ ಮಾಡಿ. ಪಿನ್ನು ಕಚ್ಚಿಕೊಂಡ ಮೇಲೆ ಕೀ ತೆಗೆದು, ಬಿಗಿಯನ್ನು ಅಳೆಯುವ ಟಾರ್ಕ್ ರೆಂಚ್ ಹಾಕಿ. ಎಷ್ಟು ಬಿಗಿ ಅನ್ನುವುದನ್ನು ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್ ನೋಡಿಯೇ ತಿಳಿಯಬೇಕು. ಕೆಲವು ಕಾರಿಗೆ 50 ನ್ಯೂಟನ್ ಮೀಟರ್ ಸುಮಾರು, ಕೆಲವಕ್ಕೆ 100ರ ಹತ್ತಿರ. ಪಕ್ಕದ ಮನೆಯವರ ಕಾರಿನ ಲೆಕ್ಕ ನಿಮ್ಮದಕ್ಕೆ ಬರುವುದಿಲ್ಲ. ಗಾಳಿ ಗನ್ನಿನಿಂದ ಬಡಿದು ಬಿಗಿ ಮಾಡುವವರಿಗೆ ಲಿಂಕ್ ಕೊಡಲೇಬೇಡಿ. ಪಿನ್ನು ವೇಗವಾಗಿ ತಿರುಗಿ, ಹೊಸ ಬೂಟು ಅಲ್ಲೇ ತಿರುಚಿ ಹರಿಯುತ್ತದೆ. ಬೂಟು ಸುಕ್ಕುಗಟ್ಟದೆ ದುಂಡಗೆ ಕೂತಿದೆಯೇ ಅಂತ ಬೆರಳಾಡಿಸಿ ನೋಡಿ.

ಚಕ್ರ ಹಾಕಿ, ಇಳಿಸಿ, ಚಕ್ರದ ನಟ್ಟು ಬಿಗಿ ಮಾಡಿ, ಅದೇ ಹಂಪನ್ನು ಓರೆಯಾಗಿ ದಾಟಿ. ಟಕ್ ಹೋಗಿ ಮೆತ್ತಗೆ ಗುದ್ದುವ ಸದ್ದು ಉಳಿದಿದ್ದರೆ ಬಾರನ್ನು ಹಿಡಿದಿರುವ ರಬ್ಬರ್ ಬುಷ್ಷು ಸವೆದಿರಬಹುದು. ನೂರಿನ್ನೂರು ಕಿಲೋಮೀಟರ್ ಓಡಿಸಿದ ಮೇಲೆ ಲಿಂಕ್ ನಟ್ಟುಗಳಿಗೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಿ.

ಈ ಕೆಲಸವನ್ನು ಗ್ಯಾರೇಜಿನಲ್ಲಿ ಮಾಡಿಸಿದವರಿಗೆ ಕೊನೆಯಲ್ಲಿ ‘ಸಾರ್, ಲಿಂಕ್ ಬದಲಾಯಿಸಿದ್ದೇವೆ, ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು’ ಅಂತ ಬಿಲ್ಲಿಗೆ ಒಂದು ಸಾಲು ಸೇರಿಸುತ್ತಾರೆ. ಲಿಂಕಿಗೂ ಅಲೈನ್‌ಮೆಂಟಿಗೂ ಸಂಬಂಧ ಇಲ್ಲ. ಸ್ಟ್ರಟ್ಟಿನ ಬೋಲ್ಟು, ಸ್ಟೀರಿಂಗಿನ ಟೈ ರಾಡು ಬಿಚ್ಚಿಲ್ಲ ಅಂದಮೇಲೆ ಆ ಸಾಲನ್ನು ಹೊಡೆದುಹಾಕಲು ಹೇಳಿ.