ಅಂಗಳದಲ್ಲಿ ಇಟ್ಟಿಗೆಯ ಭಾರತ: ನಕ್ಷೆ ಪಾಠದ ನನ್ನ ಅನುಭವ

ಎಸ್ಸೆಸ್ಸೆಲ್ಸಿ ಸಮಾಜ ವಿಜ್ಞಾನದಲ್ಲಿ ಭಾರತದ ನಕ್ಷೆಗೆ 5 ಅಂಕ. ಬಿಡಿಸಿದ್ದಕ್ಕೆ 1, ಗುರುತಿಸಿದ್ದಕ್ಕೆ 4. ಪಾಸಿಂಗ್ ಪ್ಯಾಕೇಜ್, ಅಂದರೆ ಪಾಸಾಗಲು ಸಾಕಾಗುವಷ್ಟು ಪ್ರಶ್ನೆಗಳನ್ನು ಆರಿಸಿ ತಯಾರಿ, ಮಾಡಿಸುವ ಮೇಷ್ಟ್ರುಗಳೆಲ್ಲ ಮೊದಲು ಹಿಡಿಯುವುದು ಇದನ್ನೇ. ನಾನೂ ಹತ್ತು ಹನ್ನೊಂದು ವರ್ಷ ದಿನಕ್ಕೊಂದು ನಕ್ಷೆ ಬರೆಸಿದೆ. ಮಕ್ಕಳು ಬರೆದರು. ಆದರೂ ಪರೀಕ್ಷೆಯಲ್ಲಿ ಒಡಿಶಾದ ಹಿರಾಕುಡ್ ಅಣೆಕಟ್ಟು ಆಂಧ್ರಕ್ಕೆ ಹೋಗಿ ಕೂರುತ್ತಿತ್ತು. ಪಾರಾದೀಪ್ ಬಂದರು ಸಮುದ್ರದಿಂದ ಒಂದು ಬೆರಳು ಒಳಗೆ, ಒಣನೆಲದಲ್ಲಿ! ಚುಕ್ಕೆ ಬಾಯಿಪಾಠ ಆಗಿತ್ತು, ಜಾಗ ತಲೆಗೆ ಹೋಗಿರಲಿಲ್ಲ.

ನಮ್ಮದು ಹಿರಿಯೂರು ಕಡೆಯ ಸರ್ಕಾರಿ ಪ್ರೌಢಶಾಲೆ. ಕೊಠಡಿ ಕಡಿಮೆ, ಮೈದಾನ ದೊಡ್ಡದು. ನಕ್ಷೆಯನ್ನು ಅಲ್ಲೇ ಹಾಸಿ ಮಕ್ಕಳನ್ನು ಅದರ ಮೇಲೆ ನಡೆಸಬೇಕು ಅಂತ 2019ರಲ್ಲಿ ಹೇಳಿದಾಗ ಸ್ಟಾಫ್ ರೂಮಿನಲ್ಲಿ ಯಾರೂ ಒಪ್ಪಲಿಲ್ಲ. "ಸಿಲಬಸ್ ಮುಗಿಯಲ್ಲ ಸರ್, ಸುಮ್ನೆ ಬಿಸಿಲಲ್ಲಿ ನಿಲ್ಲಿಸ್ತೀರಿ" ಅಂದರು. ಪಿಟಿ ಮೇಷ್ಟ್ರಿಗೆ ಕಬಡ್ಡಿ ಅಂಕಣದ ಚಿಂತೆ.

ಮೊದಲ ಸಲ ಸುಣ್ಣದ ಪುಡಿಯಲ್ಲಿ ಎಳೆದೆ. ಎರಡು ಚೀಲ, ಐನೂರರ ಹತ್ತಿರ ಆಯಿತು. ಮೂರನೇ ದಿನಕ್ಕೆ ಗುಜರಾತೇ ಇಲ್ಲ. ಪ್ರಾರ್ಥನೆಗೆ ಸಾಲು ನಿಲ್ಲುವ ಜಾಗ ಅದು, ಕಾಲಲ್ಲಿ ಹೋಯಿತು. ಆಮೇಲೆ ಗೂಟ ಹೊಡೆದು ಹಗ್ಗ ಕಟ್ಟಿದೆ. ಹಗ್ಗಕ್ಕೆ ಒಂಬೈನೂರು ಚಿಲ್ಲರೆ. ರಜೆ ಮುಗಿಸಿ ಬಂದರೆ ಗೂಟ ಮಾತ್ರ ಇತ್ತು.

ಇದಕ್ಕಿಂತ ದೊಡ್ಡ ತಪ್ಪು ನನ್ನ ಲೆಕ್ಕದಲ್ಲೇ ಇತ್ತು. ಪುಸ್ತಕದ ನಕ್ಷೆಯ ಅಕ್ಷಾಂಶ ರೇಖಾಂಶದ ಗೆರೆಗಳನ್ನು ನೆಲದ ಮೇಲೆ ಸಮ ಚೌಕಗಳಾಗಿ ಎಳೆದಿದ್ದೆ. ಅಕ್ಷಾಂಶ ರೇಖಾಂಶ ಎರಡಕ್ಕೂ ಒಂದೇ ಅಂತರ. ಕಾಶ್ಮೀರ ಊದಿಕೊಂಡ ಹಾಗೆ ಕಂಡಿತು. ಉತ್ತರಕ್ಕೆ ಹೋದಂತೆ ರೇಖಾಂಶಗಳು ಹತ್ತಿರ ಆಗುತ್ತವೆ ಅಂತ ವರ್ಷವರ್ಷ ಪಾಠ ಮಾಡುವವನು ನಾನೇ, ಅಲ್ವಾ? ಮತ್ತೆ ಲೆಕ್ಕ ಹಾಕಿದೆ. ಒಂದು ಮೀಟರಿಗೆ 200 ಕಿ.ಮೀ. ಹಿಡಿದರೆ ದೇಶದ ಉದ್ದ 3,214 ಕಿ.ಮೀ. ಅಂದರೆ 16 ಮೀಟರ್, ಅಗಲ 2,933 ಕಿ.ಮೀ. ಅಂದರೆ ಹದಿನೈದಕ್ಕೆ ಸ್ವಲ್ಪ ಕಮ್ಮಿ. ಐದೈದು ಡಿಗ್ರಿ ಅಕ್ಷಾಂಶಕ್ಕೆ 2.77 ಮೀಟರ್, ಎಲ್ಲ ಕಡೆ ಒಂದೇ. ಐದು ಡಿಗ್ರಿ ರೇಖಾಂಶ ಮಾತ್ರ 10 ಡಿಗ್ರಿ ಅಕ್ಷಾಂಶದಲ್ಲಿ 2.73 ಮೀಟರ್, 35ಕ್ಕೆ ಹೋದರೆ 2.28. ಅರ್ಧ ಮೀಟರ್ ಹತ್ತಿರದ ವ್ಯತ್ಯಾಸ. 80 ಡಿಗ್ರಿ ರೇಖಾಂಶವನ್ನು ನೇರ ಎಳೆದು ಎರಡೂ ಬದಿಗೆ ಅಳೆಯುತ್ತಾ ಹೋಗಿ. ಉತ್ತರ ದಿಕ್ಕಿಗೆ ಮೊಬೈಲ್ ದಿಕ್ಸೂಚಿ ನಂಬಬೇಡಿ. ನಮ್ಮಲ್ಲಿ ಕಬ್ಬಿಣದ ಧ್ವಜಸ್ತಂಭದ ಹತ್ತಿರ ಅದು ಅಡ್ಡಾದಿಡ್ಡಿ ತೋರಿಸಿತು. ಕೋಲಿನ ನೆರಳೇ ವಾಸಿ.

2022ರಲ್ಲಿ ಇಟ್ಟಿಗೆಗೆ ಬಂದೆ. ಭಟ್ಟಿಯವರು ಒಡೆದ ಇಟ್ಟಿಗೆ ಪುಕ್ಕಟೆ ಕೊಟ್ಟರು. ಟ್ರ್ಯಾಕ್ಟರಿಗೆ ಆರುನೂರೋ ಏಳುನೂರೋ. ಬಣ್ಣ, ಬ್ರಷ್, ಗುಂಡಿ ತೋಡಿದವರ ಕೂಲಿ ಎಲ್ಲ ಸೇರಿ ನಾಲ್ಕೂವರೆ ಸಾವಿರ, ನನ್ನ ಜೇಬಿಂದ. ನಾನೂರಕ್ಕೂ ಜಾಸ್ತಿ ತುಂಡು ಹಿಡಿದವು. ಮೊದಲು ಅರ್ಧ ಮೇಲೆ ಕಾಣುವಂತೆ ಹೂತಿದ್ದೆ. ಒಬ್ಬ ಹುಡುಗ ಎಡವಿ ಹೆಬ್ಬೆರಳು ಕಿತ್ತುಕೊಂಡ. ಅವರಪ್ಪ ಬಂದು ಜೋರಾಗಿ ಕೇಳಿದರು, ಕೇಳುವುದು ನ್ಯಾಯವೇ. ಎಲ್ಲ ಕಿತ್ತು ನೆಲಮಟ್ಟಕ್ಕೆ ಹೂತೆವು. ಈಗ ಅದರ ಮೇಲೇ ಕಬಡ್ಡಿ ಆಡುತ್ತಾರೆ. ಪಿಟಿ ಮೇಷ್ಟ್ರೂ ಖುಷಿ.

ಪಾಠ ಹೇಗೆ ಅಂದರೆ, ಮಕ್ಕಳೇ ಊರು, ಮಕ್ಕಳೇ ಅಣೆಕಟ್ಟು. ನೀಲಿ ಹಗ್ಗ ಹಿಡಿದು ನದಿಯಾಗುತ್ತಾರೆ. ಒಬ್ಬಳು ಹಿರಾಕುಡ್ ಆಗಿ ನಿಂತಳು. "ಮಹಾನದಿ ಹಿಡಿದು ನಡಿಯಮ್ಮ" ಅಂದೆ. ಎರಡು ಹೆಜ್ಜೆ ಇಟ್ಟಳು, ಕಾಲು ಕರಾವಳಿಯ ಇಟ್ಟಿಗೆಗೆ ತಾಗಿತು. ತಗ್ಗಿ ಇಟ್ಟಿಗೆ ಮುಟ್ಟಿ ನೋಡಿ, "ಸರ್, ಪಾರಾದೀಪ್ ಇಲ್ಲೇನಾ? ಇದು ಮಹಾನದಿ ಬಾಯಿಯಲ್ಲೇ ಇದೆಯಲ್ಲ!" ಅಂದಳು. ಆ ಬ್ಯಾಚಿನಲ್ಲಿ ಪಾರಾದೀಪ್ ಮತ್ತೆ ಒಣನೆಲಕ್ಕೆ ಹೋಗಲಿಲ್ಲ. ಕರ್ಕಾಟಕ ಸಂಕ್ರಾಂತಿ ವೃತ್ತಕ್ಕೆ ಕೆಂಪು ಹಗ್ಗ. ಗುಜರಾತಿನಿಂದ ಮಿಜೋರಾಂವರೆಗೆ ಅದರ ಮೇಲೆ ನಡೆಯುತ್ತಾ ಎಂಟೂ ರಾಜ್ಯದ ಹೆಸರು ಕೂಗಬೇಕು. ತ್ರಿಪುರಾ ಮರೆತರೆ ವಾಪಸ್ ಗುಜರಾತ್. ನಮ್ಮೂರಿಂದ ಬೆಂಗಳೂರಿಗೆ ಒಂದು ಹೆಜ್ಜೆ, ದೆಹಲಿಗೆ ಹತ್ತು ಹನ್ನೊಂದು. ಅಳತೆ ಅಂದರೆ ಏನು ಅನ್ನುವುದನ್ನು ಬೇರೆ ಪಾಠ ಮಾಡಲೇಬೇಕಾಗಲಿಲ್ಲ.

ಅದೇ ವರ್ಷ ಸೆಪ್ಟೆಂಬರಿನಲ್ಲಿ ನಮ್ಮ ಕಡೆಯ ವಾಣಿವಿಲಾಸ ಸಾಗರ ಅಣೆಕಟ್ಟು, ಜನರ ಬಾಯಲ್ಲಿ ಮಾರಿಕಣಿವೆ, ಕೋಡಿ ಬಿತ್ತು. 1933ರ ನಂತರ ಮೊದಲ ಸಲ, 89 ವರ್ಷಕ್ಕೆ. ಊರಿಗೆ ಊರೇ ಮಾರಿಕಣಿವೆಗೆ ಓಡಿತ್ತು. ಮರುದಿನ ತರಗತಿಯಲ್ಲಿ ಯಾರಿಗೂ ಬೇರೆ ಮಾತೇ ಇಲ್ಲ. ಸರಿ, ಆ ನೀರು ಎಲ್ಲಿಗೆ ಹೋಗುತ್ತೆ ಅಂತ ಅಂಗಳಕ್ಕೆ ಕರೆದುಕೊಂಡು ಹೋದೆ. ವೇದಾವತಿ, ತುಂಗಭದ್ರಾ, ಕೃಷ್ಣಾ, ಬಂಗಾಳ ಕೊಲ್ಲಿ. ನಾಲ್ಕೈದು ಹೆಜ್ಜೆ. ಅವತ್ತು ಹಿಂದಿನ ಬೆಂಚಿನವರೂ ನದಿಯಾಗಲು ಜಗಳ ಆಡಿದರು.

ಇನ್ನೊಂದು ಪ್ರಯೋಗ ಧ್ವಜಸ್ತಂಭದ್ದು. ನಮ್ಮೂರು ಹೆಚ್ಚುಕಮ್ಮಿ 14 ಡಿಗ್ರಿ ಉತ್ತರ. ಆಗಸ್ಟ್ 15ರ ಆಸುಪಾಸು ಸೂರ್ಯ ನೆತ್ತಿಗೆ ಬರುತ್ತಾನೆ. ಸ್ವಾತಂತ್ರ್ಯ ದಿನ ಧ್ವಜ ಹಾರಿಸಿ, ಸಿಹಿ ಹಂಚಿ, ಮಕ್ಕಳನ್ನು ಮಧ್ಯಾಹ್ನದವರೆಗೆ ಉಳಿಸಿಕೊಂಡೆ. ಎರಡು ವರ್ಷ ಮೋಡ, ಬರೀ ಕಾದಿದ್ದೇ ಬಂತು. ಮೂರನೇ ವರ್ಷ ಬಿಸಿಲು ಸಿಕ್ಕಿತು. ನೆರಳು ಕಂಬದ ಬುಡಕ್ಕೆ ಸೇರಿಕೊಂಡಾಗ ಗಡಿಯಾರದಲ್ಲಿ 12 ಗಂಟೆ 28 ನಿಮಿಷ. "12ಕ್ಕೇ ಯಾಕಾಗಲಿಲ್ಲ ಸರ್?" ಈ ಪ್ರಶ್ನೆಗಾಗಿಯೇ ನಾನು ಕಾದಿದ್ದೆ. ನಮ್ಮ ಗಡಿಯಾರ ತೋರಿಸುವುದು 82.5 ಡಿಗ್ರಿ ರೇಖಾಂಶದ ಸಮಯ, ನಾವಿರುವುದು 76.6ರಲ್ಲಿ. ಡಿಗ್ರಿಗೆ 4 ನಿಮಿಷದಂತೆ 24 ನಿಮಿಷ. ಉಳಿದ ನಾಲ್ಕು ನಿಮಿಷ ಸೂರ್ಯನನ್ನು ಸುತ್ತುವ ಭೂಮಿಯ ವೇಗ ವರ್ಷವಿಡೀ ಒಂದೇ ಸಮ ಇರದಿರುವುದರಿಂದ, ಅಕ್ಷ ಓರೆಯಾಗಿರುವುದರಿಂದ. ಲೆಕ್ಕ ಸರಿಹೋಗಲಿ ಅಂತ ಆ ನಾಲ್ಕನ್ನು ಮುಚ್ಚಿಡಬೇಡಿ, ಮಕ್ಕಳು ಹಿಡಿದೇ ಹಿಡಿಯುತ್ತಾರೆ.

ಫಲಿತಾಂಶ ಕೇಳುವವರಿಗೆ: ಬೋರ್ಡ್ ಪರೀಕ್ಷೆಯ ಪ್ರಶ್ನೆವಾರು ಅಂಕ ನಮ್ಮ ಕೈಗೆ ಬರಲ್ಲ, ಆದ್ದರಿಂದ ಪೂರ್ವಸಿದ್ಧತಾ ಪರೀಕ್ಷೆಯ ಲೆಕ್ಕ ಹೇಳುತ್ತೇನೆ. ಮೊದಲು ನಲವತ್ತೈದರ ಬ್ಯಾಚಿನಲ್ಲಿ ಐದಕ್ಕೆ ಐದು ಪಡೆಯುತ್ತಿದ್ದವರು ಹತ್ತು ಹನ್ನೆರಡು. ಇಟ್ಟಿಗೆ ಬಂದ ವರ್ಷ ಮೂವತ್ತೈದರ ಮೇಲೆ. ಸಿಲಬಸ್ಸೂ ಜನವರಿಗೇ ಮುಗಿಯಿತು. ಅಂಗಳದಲ್ಲಿ ಕಳೆದದ್ದು ವಾರಕ್ಕೊಂದೇ ಪಿರಿಯಡ್. ಅವತ್ತು ಸ್ಟಾಫ್ ರೂಮಿನಲ್ಲಿ ಬೇಡ ಅಂದಿದ್ದ ಮೇಡಂ ಒಬ್ಬರು ಈಗ ಅದೇ ನಕ್ಷೆಯ ಮೇಲೆ ಇತಿಹಾಸದ ಪಾಠ ಮಾಡುತ್ತಾರೆ.

ಹಾಳೆಯ ಮೇಲೆ ನಾಲ್ಕು ನಿಮಿಷದೊಳಗೆ ಗಡಿರೇಖೆ ಬಿಡಿಸಲು ನಾನು ಯಾವ ಬಿಂದುವಿನಿಂದ ಶುರು ಮಾಡಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಕನ್ಯಾಕುಮಾರಿಯಿಂದ ಅಂತೂ ಅಲ್ಲ. ಶಾಲೆಗೆ ಬನ್ನಿ, ತೋರಿಸುತ್ತೇನೆ.

ಈ ಸಲ ಶಾಲೆ ಶುರುವಾಗುವ ಮುಂಚೆ ಬಣ್ಣ ಮತ್ತೆ ಹೊಡೆಯಬೇಕು. ಅಂಡಮಾನಿನ ಆರೇಳು ಇಟ್ಟಿಗೆ ಬೇವಿನ ಮರದ ಬೇರಿಗೆ ಮೇಲೆದ್ದಿವೆ, ಅವನ್ನೂ ತಗ್ಗಿಸಿ ಹೂಳಬೇಕು.