ಒಂದು ಪುಟ್ಟ ಘನದೊಳಗೆ ಬೆಳಕಿನ ಲೆಕ್ಕ ಹಿಡಿಯುವುದು ಹೇಗೆ?

ನ್ಯೂಟ್ರಿನೊ ಎಂಬ ವಿದ್ಯುದಂಶವಿಲ್ಲದ ಅತಿ ಹಗುರ ಕಣ ಯಾವ ಉಪಕರಣಕ್ಕೂ ನೇರವಾಗಿ ಸಿಗುವುದಿಲ್ಲ. ಅದು ಅಪರೂಪಕ್ಕೆ ಪರಮಾಣುವಿನ ನ್ಯೂಕ್ಲಿಯಸ್‌ಗೆ ಡಿಕ್ಕಿ ಹೊಡೆದಾಗ ಮ್ಯೂಯಾನ್, ಪ್ರೋಟಾನ್‌ನಂಥ ಕಣಗಳು ಚಿಮ್ಮುತ್ತವೆ. ಅವು ಸಿಂಟಿಲೇಟರ್ ಪ್ಲಾಸ್ಟಿಕ್ ಮೂಲಕ ಹಾದುಹೋದರೆ ನೀಲಿ ಬೆಳಕು ಮಿನುಗುತ್ತದೆ. ಆ ಬೆಳಕಿನಲ್ಲಿ ಎಷ್ಟು ಪಾಲು ಸೆನ್ಸರ್‌ಗೆ ತಲುಪುತ್ತದೆ? ಈ ಲೆಕ್ಕಕ್ಕೆ ಹೆಚ್ಚಾಗಿ ಬಳಸುವುದು ಜಿಯಾಂಟ್4 ಎಂಬ ಉಚಿತ ಸಾಫ್ಟ್‌ವೇರ್.

ಜಪಾನಿನ ಟಿ2ಕೆ ಎಂಬ ನ್ಯೂಟ್ರಿನೊ ಪ್ರಯೋಗದ ಸೂಪರ್‌ಎಫ್‌ಜಿಡಿ ಡಿಟೆಕ್ಟರ್‌ನಲ್ಲಿ 1 ಸೆಂ.ಮೀ. ಅಳತೆಯ ಸುಮಾರು 20 ಲಕ್ಷ ಘನಗಳಿವೆ. ಎಲ್ಲವನ್ನೂ ಒಟ್ಟಿಗೆ ಕಟ್ಟಲು ಹೋಗಬೇಡಿ. ಒಂದೇ ಘನದಿಂದ ಶುರು ಮಾಡಿ.

ಮೊದಲು ಆಕಾರ. ಪಾಲಿಸ್ಟೈರೀನ್ ಘನ, ಅದರಲ್ಲಿ ಮೂರು ದಿಕ್ಕಿಗೆ 1.5 ಮಿ.ಮೀ. ಅಗಲದ ಮೂರು ತೂತು, ಪ್ರತಿ ತೂತಿನಲ್ಲೂ ಬೆಳಕನ್ನು ಸೆನ್ಸರ್‌ಗೆ ಒಯ್ಯುವ 1 ಮಿ.ಮೀ. ದಪ್ಪದ ಫೈಬರ್. ಫೈಬರ್ ಸುತ್ತ ಉಳಿಯುವ ಗಾಳಿಯ ಸಂದನ್ನು ಬರೆಯಲು ಮರೆಯಲೇಬೇಡಿ. ಸಂದೇ ಇಲ್ಲವೆಂದು ಬರೆದರೆ ಬೆಳಕು ಫೈಬರ್‌ಗೆ ನುಗ್ಗುವ ರೀತಿಯೇ ಬದಲಾಗುತ್ತದೆ.

ಆಮೇಲೆ ವಸ್ತುವಿನ ಗುಣ. ಪಾಲಿಸ್ಟೈರೀನ್‌ನ ವಕ್ರೀಭವನ ಸೂಚ್ಯಂಕ (ವಸ್ತು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) 1.59. ಹೊಮ್ಮುವ ಬೆಳಕು 420 ನ್ಯಾನೋಮೀಟರ್ ಆಸುಪಾಸಿನದು, ಅಂದರೆ ಪ್ರತಿ ಫೋಟಾನ್‌ನ (ಬೆಳಕಿನ ಕಣದ) ಶಕ್ತಿ 2.95 ಎಲೆಕ್ಟ್ರಾನ್ ವೋಲ್ಟ್. ಗಾಳಿಗೂ ಸೂಚ್ಯಂಕ ಕೊಡಿ. ಮರೆತರೆ ಆ ಗಡಿ ಮುಟ್ಟಿದ ಫೋಟಾನ್ ಅಲ್ಲೇ ಸಾಯುತ್ತದೆ.

ಈಗ ಮೇಲ್ಮೈ. ಜಾಸ್ತಿ ಸಮಯ ಕೊಡಬೇಕಾದದ್ದು ಇಲ್ಲೇ. ಘನದ ಹೊರಮೈಯನ್ನು ರಾಸಾಯನಿಕದಿಂದ ಕೊರೆದು ಬಿಳಿ ಪದರ ಮಾಡಿರುತ್ತಾರೆ. ಅದು ಕನ್ನಡಿಯಂತಲ್ಲ, ಸುಣ್ಣದ ಗೋಡೆಯಂತೆ ಬೆಳಕನ್ನು ಎಲ್ಲ ಕಡೆಗೂ ಚೆದುರಿಸುತ್ತದೆ. ಪ್ರತಿಫಲನ ಶೇ 95 ಇದ್ದರೆ ಫೋಟಾನ್ ಸರಾಸರಿ 20ನೇ ಬಡಿತಕ್ಕೆ ಕಳೆದುಹೋಗುತ್ತದೆ. ಶೇ 98 ಆದರೆ 50ನೇ ಬಡಿತಕ್ಕೆ. ಬರೀ ಮೂರು ಅಂಕದ ವ್ಯತ್ಯಾಸ, ಆಯಸ್ಸು ಎರಡೂವರೆ ಪಟ್ಟು! ಒಂದು ಬಡಿತದಿಂದ ಇನ್ನೊಂದಕ್ಕೆ ಸರಾಸರಿ 0.67 ಸೆಂ.ಮೀ. ದೂರ. 20 ಬಡಿತಕ್ಕೆ ಸುಮಾರು 13 ಸೆಂ.ಮೀ. ಆಯಿತು. ಪ್ಲಾಸ್ಟಿಕ್ ಒಂದು ಮೀಟರ್‌ವರೆಗೆ ಬೆಳಕನ್ನು ಸಾಗಿಸುವಷ್ಟು ತಿಳಿಯಾಗಿದ್ದರೆ, ಒಳಗೆ ಹೀರಿಹೋಗುವುದಕ್ಕಿಂತ ಗೋಡೆಯಲ್ಲಿ ಹೋಗುವುದೇ ಹೆಚ್ಚು, ಅಲ್ವಾ? ಇನ್ನೊಂದು ಮಾತು. ಗೋಡೆಯನ್ನು ಲೋಹದಂತೆ ಬರೆದರೆ ಬೆಳಕು ಆಚೆ ದಾಟುವುದೇ ಇಲ್ಲ. ನಿಜವಾದ ಘನದಲ್ಲಿ ಪ್ರತಿ ಬದಿಯಿಂದ ಶೇ 3ರ ಆಸುಪಾಸು ಬೆಳಕು ಪಕ್ಕದ ಘನಕ್ಕೆ ಸೋರುತ್ತದೆ. ಆ ಸೋರಿಕೆಗೂ ದಾರಿ ಇಡಿ.

ಕಣ ಹಾರಿಸುವ ಹೊತ್ತಿಗೆ, ಶಕ್ತಿ ದಟ್ಟವಾಗಿ ಸುರಿದಾಗ ಬೆಳಕು ಎಷ್ಟು ಕುಂದುತ್ತದೆ ಎಂದು ಹೇಳುವ ಬರ್ಕ್ಸ್ ನಿಯಮ ಬೇಕು. ವೇಗದ ಮ್ಯೂಯಾನ್ ಒಂದು ಸೆಂ.ಮೀ.ಗೆ ಸುಮಾರು 2 ಎಂಇವಿ (ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್‌ಗೆ ಒಂದು ಎಂಇವಿ) ಶಕ್ತಿ ಬಿಡುತ್ತದೆ. ಒಂದು ಎಂಇವಿಗೆ ಸುಮಾರು 10,000 ಫೋಟಾನ್, ಅಂದರೆ ಒಟ್ಟು 20,000. ನಿಧಾನಕ್ಕೆ ಹೋಗುವ ಪ್ರೋಟಾನ್ ಒಂದೇ ಕಡೆ ತುಂಬ ಶಕ್ತಿ ಸುರಿಯುವುದರಿಂದ ಅದರ ಬೆಳಕು ಕುಂದುತ್ತದೆ. ಬರ್ಕ್ಸ್ ಸ್ಥಿರಾಂಕ 0.126 ಮಿ.ಮೀ./ಎಂಇವಿ ಎಂದಿಟ್ಟರೆ, ಪ್ರೋಟಾನ್‌ನ ಶಕ್ತಿ 10 ಎಂಇವಿ ಇರುವ ಹಂತದಲ್ಲಿ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ನಷ್ಟ, ಅದು ನಿಧಾನವಾದಷ್ಟೂ ನಷ್ಟ ಏರುತ್ತದೆ.

ಫೈಬರ್ ನೀಲಿ ಬೆಳಕನ್ನು ಹೀರಿ ಹಸಿರಾಗಿ ಬಿಡುತ್ತದೆ. ವೈ-11 ಎಂಬ ಈ ಫೈಬರ್‌ಗೆ ಎರಡು ಕವಚ. ಸೂಚ್ಯಂಕ ತಿರುಳಿಗೆ 1.59, ಒಳಕವಚಕ್ಕೆ 1.49, ಹೊರಕವಚಕ್ಕೆ 1.42. ಮೂರನ್ನೂ ಬೇರೆಬೇರೆಯಾಗಿ ಬರೆಯಿರಿ. ಸರಿಯಾಗಿ ಬರೆದರೆ, ಫೈಬರ್‌ನ ನಡು ಅಕ್ಷದ ಮೇಲೆ ಹುಟ್ಟಿದ ಬೆಳಕಿನಲ್ಲಿ ಹೊರಕವಚಕ್ಕೆ ದಾಟದೆ ಒಂದು ತುದಿಯ ಕಡೆಗೆ ಸಿಕ್ಕಿಬೀಳುವುದು ಶೇ 5.4ರಷ್ಟು. ಬೇರೆ ಸಂಖ್ಯೆ ಬಂದರೆ ಮುಂದೆ ಹೋಗಬೇಡಿ, ಕವಚದ ಗಡಿಗಳನ್ನು ಮತ್ತೆ ನೋಡಿ. ತುದಿಯ ಸೆನ್ಸರ್‌ಗೆ ಅದರ ಪತ್ತೆ ಸಾಮರ್ಥ್ಯವನ್ನು ಕೊನೆಯಲ್ಲಿ ಒಮ್ಮೆ ಗುಣಿಸಿದರೆ ಸಾಕು.

ಹುಟ್ಟಿದ 20,000ದಲ್ಲಿ ಒಂದು ಫೈಬರ್‌ನ ಸೆನ್ಸರ್ ಎಣಿಸುವುದು ಸುಮಾರು 40 ಮಾತ್ರ. ಈ ಸಂಖ್ಯೆ ಬರಿಸಲೆಂದು ಸುಮ್ನೆ ಲೆಕ್ಕದ ಎಲ್ಲ ಮೌಲ್ಯಗಳನ್ನೂ ಬದಲಿಸುತ್ತ ಹೋಗಬೇಡಿ. ಘನದ ಒಂದೇ ಜಾಗದಲ್ಲಿ ಹಾದ ಮ್ಯೂಯಾನ್ ಅಳತೆಗೆ ಪ್ರತಿಫಲನವೊಂದನ್ನೇ ಹೊಂದಿಸಿ. ಆಮೇಲೆ ಏನನ್ನೂ ಮುಟ್ಟದೆ ಮೂಲೆಯಲ್ಲಿ ಹಾದ ಮ್ಯೂಯಾನ್‌ಗೆ ಲೆಕ್ಕ ಹಾಕಿ, ಅಳತೆಯೊಂದಿಗೆ ಹೋಲಿಸಿ. ಅಲ್ಲೂ ಕೂಡಿಬಂದರೆ ಘನದ ಯಾವ ಬಿಂದುವಿನಲ್ಲಿ ಹುಟ್ಟಿದ ಫೋಟಾನ್‌ಗೆ ಯಾವ ಫೈಬರ್ ಸಿಗುವ ಸಾಧ್ಯತೆ ಎಷ್ಟು ಎಂಬ ಪಟ್ಟಿ ಮಾಡಿಡಿ. ಪೂರ್ತಿ ಡಿಟೆಕ್ಟರ್‌ಗೆ ಪ್ರತಿ ಫೋಟಾನನ್ನೂ ಓಡಿಸಬೇಕಾಗಿಲ್ಲ, ಪಟ್ಟಿಯಿಂದ ಓದಿಕೊಂಡರೆ ಸಾಕು.